ಇಬ್ಬರಲ್ಲಿ ಹೆಂಡತಿ ಯಾರು?

ರಗಳೆಗೆಲ್ಲ ಮೂಲ ಒಂದು ಬೆಳ್ಳುಳ್ಳಿ ಗಡ್ಡೆ. ಹಬ್ಬದ ಶನಿವಾರ ಮಧ್ಯಾಹ್ನ ಅದನ್ನು ತರಲೆಂದು ಜೂಲೆನ್ ಸಂಘದ ಅಡುಗೆಮನೆಗೆ ಕಾಲಿಡಲು ಹೋದ. ಕಾರ್ಯದರ್ಶಿ ಫೌಸ್ತಿನೊ ರೈಲ್ವೆ ಗೇಟಿನ ಹಾಗೆ ಸೌಟು ಅಡ್ಡ ಹಿಡಿದ.

"ನಿಲ್ಲಪ್ಪಾ. ನೀನು ಒಳಗೆ ಬರೋ ಹಾಗಿಲ್ಲ."

"ಯಾಕೆ?"

"ನಿಂಗೆ ಮದುವೆ ಆಗಿದೆ."

"ನಿಂಗೂ ಆಗಿದೆಯಲ್ಲ."

"ನಂಗೆ ಹೊರಗಿನೋರ ಜೊತೆ ಆಗಿದೆ. ನಿಂಗೆ ಸದಸ್ಯರ ಜೊತೆ ಆಗಿದೆ."

ನಮ್ಮ ಬಂದರು ಬೀದಿಯ ಈ ಸಂಘ ಅಜ್ಜಂದಿರ ಕಾಲದ್ದು. ಗಂಡಸರು ಸೇರುತ್ತಾರೆ, ತಾವೇ ಬೇಯಿಸುತ್ತಾರೆ, ತಿನ್ನುತ್ತಾರೆ, ಕಂಠ ಬಿರಿಯುವಂತೆ ಹಾಡುತ್ತಾರೆ. ಮನೆಯಲ್ಲಿ ಲೋಟ ಎತ್ತಿಡದವರೂ ಇಲ್ಲಿ ಏಪ್ರನ್ ಕಟ್ಟಿಕೊಂಡು ಈರುಳ್ಳಿಯ ಮುಂದೆ ಕಣ್ಣೀರಿಡುತ್ತಾರೆ. ಹಬ್ಬದ ದಿನ ಹೆಂಗಸರನ್ನು ಊಟಕ್ಕೆ ಕರೆಯುವುದುಂಟು. ಅವರು ಮೇಜಿನ ಬಳಿ ಕೂರಬೇಕು, ಅಡುಗೆಮನೆಯ ಹೊಸ್ತಿಲು ದಾಟಬಾರದು. ಗೋಡೆಯ ಮೇಲಿನ ನಿಯಮಗಳ ಹಲಗೆಯಲ್ಲಿ ಮೊದಲು 'ಸದಸ್ಯರ ಹೆಂಡತಿಯರಿಗೆ ಪ್ರವೇಶವಿಲ್ಲ' ಎಂದಿತ್ತು. ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎಂದು ಅಧ್ಯಕ್ಷ ಆನ್ಸೆಲ್ಮೊ ಎರಡು ವರ್ಷದ ಹಿಂದೆ ಒಂದು ಸುಧಾರಣೆ ತಂದ. 'ಹೆಂಡತಿ' ಅಳಿಸಿ 'ಸಂಗಾತಿ' ಎಂದು ಬರೆಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿತ್ತೋರ್ ಎಲ್ಲರಿಗಿಂತ ಜೋರಾಗಿ ತಟ್ಟಿದ್ದ.

ಈ ಬಿತ್ತೋರ್ ಬೀಗ ರಿಪೇರಿಯವನು, ಸಂಘದ ಹಳೆಯ ಸದಸ್ಯ. ಅಡುಗೆಯಲ್ಲಿ ಅವನ ಕೈ ಎಂಥದೆಂದರೆ ಮೊಟ್ಟೆ ಬೇಯಿಸಿದರೂ ಸೀದ ವಾಸನೆ ಬರುತ್ತಿತ್ತು. ಆದರೆ ಪಾತ್ರೆ ತೊಳೆಯುವುದರಲ್ಲಿ, ಬಾಟಲಿ ಬಿಚ್ಚುವುದರಲ್ಲಿ, ಹಾಡುವುದರಲ್ಲಿ ಮುಂದು. ಜೂಲೆನ್ ಟ್ಯೂನಾ ಮೀನು ಹಿಡಿಯುವ ದೋಣಿಗಳಲ್ಲಿ ಅಡುಗೆಯವನಾಗಿದ್ದವನು. ಆರು ವರ್ಷ ಅವನು ಬಿತ್ತೋರನ 'ಸ್ನೇಹಿತ'ನಾಗಿ ಇದೇ ಅಡುಗೆಮನೆಯಲ್ಲಿ ಮೀನು ಸೀಳಿದ್ದ, ಒಲೆ ಉಜ್ಜಿದ್ದ. ಸ್ನೇಹಿತ ಎಂದರೆ ಏನೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಈ ವಸಂತದಲ್ಲಿ ಇಬ್ಬರೂ ಪುರಸಭೆಗೆ ಹೋಗಿ ಮದುವೆಯಾದರು. ಆನ್ಸೆಲ್ಮೊ ಬಂದು ಅಕ್ಕಿ ಎರಚಿ, ಕುಡಿದು, ಕುಣಿದು, ಇಬ್ಬರನ್ನೂ ತಬ್ಬಿಕೊಂಡು ಹೋಗಿದ್ದ. ಸುಳ್ಳು ಹೇಳುತ್ತಿದ್ದಷ್ಟು ದಿನ ತೆರೆದಿದ್ದ ಬಾಗಿಲು ನಿಜ ಹೇಳಿದ ಮೇಲೆ ಮುಚ್ಚಿತು.

ಬಿತ್ತೋರ್ ಹೊರಗಿನಿಂದ ಕುರ್ಚಿಗಳನ್ನು ಹೊತ್ತುಕೊಂಡು ಬಂದಾಗ ಜೂಲೆನ್ ಹೆಂಗಸರ ಮೇಜಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದ.

"ಇಲ್ಲೇನು ಮಾಡ್ತಿದೀಯ?"

"ಸಂಗಾತಿ ಆಗಿದೀನಿ," ಎಂದ ಜೂಲೆನ್.

ವಿಷಯ ತಿಳಿದ ಬಿತ್ತೋರನ ಕಿವಿ ಕೆಂಪಾಯಿತು. ಅಡುಗೆಮನೆಗೆ ನುಗ್ಗಿದ. ಅಲ್ಲಿ ಫೌಸ್ತಿನೊ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಕಾಡ್ ಮೀನನ್ನು ಆಲಿವ್ ಎಣ್ಣೆಯಲ್ಲಿಟ್ಟು ಮೆಲ್ಲಗೆ ತಿರುಗಿಸುತ್ತಿದ್ದ. ಮೀನಿನ ಜಿಗುಟೂ ಎಣ್ಣೆಯೂ ಕೂಡಿ ಕೆನೆಯಂತಾಗುವವರೆಗೆ ಕೈ ನಿಲ್ಲಿಸುವಂತಿಲ್ಲ. ಪಕ್ಕದಲ್ಲಿ ಮೀನಂಗಡಿಯ ಚೋಮಿನ್ ಆಲೂಗಡ್ಡೆ ಹೆಚ್ಚುತ್ತಿದ್ದ. ಆನ್ಸೆಲ್ಮೊ ಹಬ್ಬದ ಬಿಳಿ ಅಂಗಿಯಲ್ಲಿ ರುಚಿ ನೋಡುತ್ತಿದ್ದ.

"ಆರು ವರ್ಷ ಇಲ್ಲಿ ನಿಮ್ಮ ಎಂಜಲು ತೊಳೆದಿದಾನೆ. ಆಗ ಯಾರಿಗೂ ನಿಯಮ ನೆನಪಾಗ್ಲಿಲ್ವಾ?"

"ಆಗ ಅವನು ಅತಿಥಿ ಕಣಯ್ಯಾ," ಎಂದ ಆನ್ಸೆಲ್ಮೊ. "ನಿಮ್ಮಂಥೋರ ಬಗ್ಗೆ ನಮಗೇನೂ ಇಲ್ಲ. ನಿಯಮ ಅಂದ್ರೆ ನಿಯಮ, ಅಷ್ಟೇ."

"ನಮ್ಮಂಥೋರು ಅಂದ್ರೆ?"

"ಅಂದ್ರೆ... ಮದುವೆ ಆದೋರು."

ಚೋಮಿನ್ ಚಾಕು ಕೆಳಗಿಟ್ಟ. ಅವನು ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. "ಬೇಜಾರು ಮಾಡ್ಕೋಬೇಡ ಬಿತ್ತೋರ್. ನಿಮ್ಮಿಬ್ಬರಲ್ಲಿ ಹೆಂಡತಿ ಯಾರು? ಅದೊಂದು ಗೊತ್ತಾಗಿಬಿಟ್ರೆ ಇಷ್ಟೆಲ್ಲ ತಕರಾರೇ ಇರಲ್ಲ ನೋಡು."

ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ಸ್ವಂತ ಅಣ್ಣನ ಮನೆಯ ಊಟದಲ್ಲಿ, ಕಣ್ಣು ಮಿಟುಕಿಸಿಯೋ ಮಿಟುಕಿಸದೆಯೋ ಬಿತ್ತೋರನಿಗೆ ಈ ಪ್ರಶ್ನೆ ಬಂದಿತ್ತು. ಪ್ರತಿ ಸಲ ನಕ್ಕು ಮುಂದೆ ಹೋಗಿದ್ದ. ಈ ಸಲ ನಗು ಬರಲಿಲ್ಲ.

"ಹೆಂಡತಿ ಯಾರೂ ಇಲ್ಲ!" ಎಂದು ಮೇಜಿನ ಮೇಲೆ ಗುದ್ದಿದ.

ಗುದ್ದಿದ ರಭಸಕ್ಕೆ ಟೊಮೆಟೊ ಸಾರಿನ ಬಟ್ಟಲು ಹಾರಿ ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಇಳಿಯಿತು. ಸೇಬಿನ ಮದ್ಯದ ಬಾಟಲಿಯೊಂದು ಉರುಳಿ, ತನಗೇನೂ ಅವಸರವಿಲ್ಲವೆಂಬಂತೆ ಮೇಜಿನ ಅಂಚಿಗೆ ಹೋಗಿ, ನೇರವಾಗಿ ಫೌಸ್ತಿನೊನ ಪಾತ್ರೆಗೆ ಮೂಗು ತೂರಿಸಿತು. ತಣ್ಣನೆಯ ಮದ್ಯ ಬಿದ್ದದ್ದೇ ತಡ, ಕೆನೆ ಒಡೆಯಿತು. ಎಣ್ಣೆ ಒಂದು ಕಡೆ, ನೀರು ಒಂದು ಕಡೆ, ನಡುವೆ ಅನಾಥ ಮೀನು.

ಫೌಸ್ತಿನೊ ಹೆಣ ಕಂಡವನಂತೆ ನಿಂತ. ಹೊರಗೆ ಅರವತ್ತು ಜನ ಚಮಚ ಬಡಿಯುತ್ತಿದ್ದರು.

"ಇದನ್ನ ಸರಿ ಮಾಡೋಕೆ ಊರಲ್ಲಿ ಒಬ್ಬನಿಗೇ ಬರೋದು," ಎಂದ ಚೋಮಿನ್. ಎಲ್ಲರೂ ಬಾಗಿಲ ಕಡೆ ನೋಡಿದರು. ಹೆಂಗಸರ ಮೇಜಿನಲ್ಲಿ ಜೂಲೆನ್ ಬ್ರೆಡ್ಡು ಮುರಿಯುತ್ತಿದ್ದ.

"ಕರೀರಿ ಅವನನ್ನ," ಎಂದ ಆನ್ಸೆಲ್ಮೊ ಅಂಗಿ ಒರೆಸಿಕೊಳ್ಳುತ್ತ.

ಬಿತ್ತೋರ್ ಹೊಸ್ತಿಲಲ್ಲಿ ಕೈ ಅಡ್ಡ ಚಾಚಿ ನಿಂತ. "ಸಂಗಾತಿಗೆ ಪ್ರವೇಶ ಇಲ್ಲ. ನಿಯಮ ಅಂದ್ರೆ ನಿಯಮ. ಬೇಕಾದ್ರೆ ಅವನನ್ನ ಸದಸ್ಯ ಮಾಡ್ಕೊಳ್ಳಿ. ಈಗಲೇ, ಇಲ್ಲೇ."

"ಹಾಗೆಲ್ಲ ಆಗುತ್ತೇನಯ್ಯಾ? ಸದಸ್ಯರಾಗೋಕೆ ಕಾಯೋರು ಎಷ್ಟು ಜನ ಇದಾರೆ..."

"ಮೀನೂ ಕಾಯ್ತಾ ಇದೆ."

ಸಂಘದಲ್ಲಿ ಮತ ಹಾಕುವುದು ಕಾಳಿನಿಂದ: ಒಪ್ಪಿಗೆಯಾದರೆ ಬಿಳಿ, ಇಲ್ಲವಾದರೆ ಕರಿ. ಗಡಿಗೆ ಬಂತು. ಸದಸ್ಯರು ಸಾಲಾಗಿ ಬಂದು ಮುಷ್ಟಿ ಒಳಗೆ ಇಳಿಸಿದರು. ಬಿತ್ತೋರ್ ಒಬ್ಬೊಬ್ಬರ ಮುಖವನ್ನೂ ಸುಡುವ ಹಾಗೆ ನೋಡುತ್ತ ನಿಂತಿದ್ದ. ಹಸಿವು ಎಂಥ ಉದಾರಿಯೆಂದರೆ, ಗಡಿಗೆ ಮಗುಚಿದಾಗ ಒಂದೇ ಒಂದು ಕರಿ ಕಾಳು ಇರಲಿಲ್ಲ.

ಆನ್ಸೆಲ್ಮೊ ತಾನೇ ಜೂಲೆನ್‌ನ ಸೊಂಟಕ್ಕೆ ಸಂಘದ ಏಪ್ರನ್ ಕಟ್ಟಿದ. ಜೂಲೆನ್ ಒಲೆಯ ಮುಂದೆ ನಿಂತು, ಎಣ್ಣೆಯನ್ನು ಬೇರೆ ಬಸಿದು, ಪಾತ್ರೆ ತಿರುಗಿಸತೊಡಗಿದ. ಬಿತ್ತೋರ್ ಮೂಗು ಒರೆಸಿಕೊಳ್ಳಲು ಒಂದು ಗಳಿಗೆ ಹೊರಗೆ ಹೋಗಿ ವಾಪಸು ಬಂದ.

ಬಾಗಿಲಲ್ಲಿ ಸೌಟು ಅಡ್ಡ ಬಂತು.

"ಫೌಸ್ತಿನೊ, ದಾರಿ ಬಿಡು. ನಾನು."

"ಗೊತ್ತು ಕಣಯ್ಯಾ. ಜೂಲೆನ್ ಈಗ ಸದಸ್ಯ. ನೀನು ಸದಸ್ಯನ ಸಂಗಾತಿ."

ಬಿತ್ತೋರ್ ತಮಾಷೆಯೆಂದುಕೊಂಡ. ಫೌಸ್ತಿನೊನ ಮುಖದಲ್ಲಿ ತಮಾಷೆ ಇರಲಿಲ್ಲ.

"ನಾನೂ ಸದಸ್ಯನೇ ಅಲ್ವೇನೋ!"

"ಹೌದಪ್ಪಾ, ಯಾರು ಇಲ್ಲ ಅಂದ್ರು? ಹಾಡು, ಕುಡಿ, ಮತ ಹಾಕು. ಒಲೆ ಹತ್ತಿರ ಮಾತ್ರ ಬರಬೇಡ."

"ಹಾಗಾದ್ರೆ ಜೂಲೆನ್ನೂ ಸದಸ್ಯನ ಸಂಗಾತಿ. ಅವನು ಒಳಗೆ ಹೇಗಿದಾನೆ?"

ಒಳಗಿನಿಂದ ಆನ್ಸೆಲ್ಮೊ ಸಮಾಧಾನದ ದನಿಯಲ್ಲಿ ಹೇಳಿದ. "ಅದನ್ನೇ ಈಗ ಕೂತು ತೀರ್ಮಾನ ಮಾಡಿದ್ವಿ. ನಿಮ್ಮ ವಿಷಯದಲ್ಲಿ ಸಂಘ ಮುಂದುವರಿದಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ. ಒಂದು ಜೋಡಿಯಿಂದ ಒಬ್ಬ ಒಳಗೆ, ಒಬ್ಬ ಹೊರಗೆ. ನಮ್ಮೆಲ್ಲರ ಮನೇಲೂ ಹಾಗೇ ತಾನೇ? ಇಲ್ಲಿ ಅಡುಗೆ ಬರೋನೇ ಗಂಡಸು. ನಿಂಗೆ ಮೊಟ್ಟೆ ಬೇಯಿಸೋಕೂ ಬರಲ್ಲ."

"ನೋಡು, ನಾನು ಹೇಳಿದ್ದೂ ಅದೇ," ಎಂದ ಚೋಮಿನ್ ನೆಮ್ಮದಿಯಿಂದ. "ಗೊತ್ತಾಗಿಬಿಟ್ರೆ ತಕರಾರೇ ಇರಲ್ಲ."

ಬಿತ್ತೋರ್ ಸೌಟಿನ ಮೇಲಿಂದ ಒಳಗೆ ಇಣುಕಿದ. ಜೂಲೆನ್ ಏಪ್ರನ್ ಬಿಚ್ಚಿ ಇವರ ಮುಖಕ್ಕೆ ಎಸೆಯುತ್ತಾನೆ, ಇಬ್ಬರೂ ತಲೆ ಎತ್ತಿ ನಡೆದುಬಿಡಬಹುದು ಎಂದು ಕಾದ.

"ಜೂಲೆನ್, ಕೇಳಿಸ್ತಾ?"

"ಕೇಳಿಸ್ತು. ಹತ್ತು ನಿಮಿಷ ತಡಿ," ಎಂದ ಜೂಲೆನ್ ಪಾತ್ರೆಯಿಂದ ಕಣ್ಣು ತೆಗೆಯದೆ. "ಈಗ ಕೈಬಿಟ್ರೆ ಮತ್ತೆ ಒಡೆಯುತ್ತೆ." ಅವನ ಸುತ್ತ ನಿಂತ ಗಂಡಸರು ದೇವರ ಮುಂದೆ ನಿಂತವರಂತೆ ಉಸಿರು ಹಿಡಿದಿದ್ದರು. ಒಬ್ಬ ಅವನ ಬೆನ್ನು ಸವರುತ್ತಿದ್ದ.

ಬಿತ್ತೋರ್ ಹೊಸ್ತಿಲಿನಿಂದ ತಿರುಗಿದ. ಬೈಯಲು ಬಾಯಿ ತುಂಬ ಮಾತಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಒಳಗೆಲ್ಲ ಮೀನಿನ ಧ್ಯಾನ. ಖಾಲಿ ಇದ್ದದ್ದು ಒಂದೇ ಕುರ್ಚಿ, ಹೆಂಗಸರ ಮೇಜಿನದು. ಆನ್ಸೆಲ್ಮೊನ ಹೆಂಡತಿ, ಎದುರ್ನೆ ಎಂಬವಳು, ಅದನ್ನು ಅವನ ಕಡೆ ಎಳೆದಳು.

"ಇದು ಅನ್ಯಾಯ ಅಲ್ವಾ ಎದುರ್ನೆ ಅಕ್ಕ?" ಎಂದ ಅವನು. "ಹೊಸ್ತಿಲಲ್ಲಿ ನಿಲ್ಲಿಸಿ ಕಳಿಸ್ತಾರಲ್ಲ, ಮನುಷ್ಯರಾ ಇವರು?"

ಎದುರ್ನೆ ಅವನ ಲೋಟಕ್ಕೆ ಸುರಿದಳು. ಅವಳು ಆ ಮೇಜಿಗೆ ಮೊದಲ ಸಲ ಬಂದು ಕೂತದ್ದು ಮದುವೆಯಾದ ವರ್ಷ. ಈಗ ಮೊಮ್ಮಕ್ಕಳಿದ್ದರು.

"ಮೊದಮೊದಲು ಸಿಟ್ಟು ಬರುತ್ತೆ ಕಣಪ್ಪಾ," ಎಂದಳು.

"ಆಮೇಲೆ?"

"ಆಮೇಲೂ ಬರುತ್ತೆ. ಕೂತ್ಕೋ."