ಗ್ರೇಸ್ಟೋನ್ ಬೇರ್ಸ್ ಟೀಮಿನ ಹದಿನೇಳನೇ ನಂಬರು

ತೋಟದ ಲೆಕ್ಕ ಬರೆಯುವ ರೈಟರ್ ಸುರೇಂದ್ರನನ್ನು ಪೇಚಿಗೆ ಸಿಕ್ಕಿಸಿದ್ದು ಮೇಸ್ತ್ರಿ ಬೆಳ್ಳಿಯಪ್ಪನ ಬಾಯಿ. ಮೂಡಿಗೆರೆ ಹತ್ತಿರದ ಆ ತೋಟದ ಹೋಮ್‌ಸ್ಟೇಗೆ ಕೆನಡಾದ ಅಜ್ಜನೊಬ್ಬ ಬಂದಿಳಿದಿದ್ದ. ಅವನ ಊರು ಗ್ರೇಸ್ಟೋನ್ ಅಂತೆ ಎಂದು ಸಾಹುಕಾರ ಜಯದೇವಪ್ಪನವರು ಹೇಳಿದ್ದೇ ತಡ, ಬೆಳ್ಳಿಯಪ್ಪ ಸುಮ್ಮನಿರಬೇಕೋ ಬೇಡವೋ?

"ಆ ಊರಿನ ಐಸ್ ಹಾಕಿ ಟೀಮಿಂದು ನಮ್ಮ ರೈಟ್ರು ಅರೆದು ಕುಡಿದಿದಾರೆ ಸಾವ್ಕಾರ್ರೆ" ಎಂದುಬಿಟ್ಟ.

ಮಾತೇನೂ ಸುಳ್ಳಲ್ಲ. ಸುರೇಂದ್ರನ ಅಪ್ಪ ಕುದುರೆಮುಖದ ಗೆಸ್ಟ್‌ಹೌಸಿನಲ್ಲಿ ಅಡುಗೆಯವರಾಗಿದ್ದಾಗ ಯಾರೋ ವಿದೇಶಿ ಎಂಜಿನಿಯರ್ ಒಂದು ದಪ್ಪ ಪುಸ್ತಕ ಬಿಟ್ಟುಹೋಗಿದ್ದ. ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಗ್ರೇಸ್ಟೋನ್ ಬೇರ್ಸ್ ಟೀಮಿನ ನಲವತ್ತು ವರ್ಷದ ಚರಿತ್ರೆ ಅದು: ಗೆದ್ದ ಕಪ್ಪು, ಸೋತ ಮ್ಯಾಚು, ಉದುರಿದ ಹಲ್ಲು, ಎಲ್ಲದರ ಲೆಕ್ಕ. ಬೇಕರಿಯ ಫ್ರಿಜ್ಜು ಬಿಟ್ಟು ಬೇರೆಲ್ಲೂ ಮಂಜುಗಡ್ಡೆ ಕಾಣದ ಸುರೇಂದ್ರ ಅದನ್ನು ಪೂರ್ತಿ ಬಾಯಿಪಾಠ ಮಾಡಿದ್ದ. ಕೇಳುವವರು ಮಾತ್ರ ಇರಲಿಲ್ಲ. ಅವನು ಶುರು ಮಾಡಿದರೆ ಆಳುಗಳು ಎದ್ದು ಹೋಗುತ್ತಿದ್ದರು. ಹೆಂಡತಿ ರೇವತಿ ರೊಟ್ಟಿ ತಟ್ಟುತ್ತಾ "ಹೂಂ" ಅನ್ನುತ್ತಿದ್ದಳು, ಅಷ್ಟೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಪಾಪ, ಅವನಿಗಿದ್ದದ್ದು ಒಂದೇ ಆಸೆ: ಮನಸ್ಸಿಟ್ಟು ಕೇಳುವ ಒಂದು ಜೀವ ಸಿಗಬೇಕು.

ಅಜ್ಜನ ಜೊತೆ ಊಟಕ್ಕೆ ಬಾ ಎಂದು ಸಾಹುಕಾರರ ಬಂಗಲೆಯಿಂದ ಕರೆ ಬಂತು. ಜೀಪು ಓಡಿಸುವ ದಿಲೀಪ್ ತನ್ನ ಮದುವೆಯ ಕೋಟು ತಂದು ತೊಡಿಸಿದ. ತೋಳು ಮೊಣಕೈಗೇ ನಿಂತಿತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಬೆಳ್ಳಿಯಪ್ಪ ಅರ್ಧ ಬಾಟ್ಲಿ ಕೊಬ್ಬರಿ ಎಣ್ಣೆಯನ್ನು ಅವನ ತಲೆಗೆ ಸುರಿದ. ಬಿಸಿಲಲ್ಲಿ ಬಂಗಲೆ ಮುಟ್ಟುವಷ್ಟರಲ್ಲಿ ಎಣ್ಣೆ ಕಾಲರಿಗೆ ಇಳಿದಿತ್ತು. ರೊಟ್ಟಿ ಸುಡಲೆಂದು ಸಾಹುಕಾರರ ಹೆಂಡತಿ ಬಸಮ್ಮ ರೇವತಿಯನ್ನು ಬೆಳಗ್ಗೆಯೇ ಅಲ್ಲಿಗೆ ಕರೆಸಿಕೊಂಡಿದ್ದರು.

ಅಜ್ಜ ಸುರೇಂದ್ರನ ಕೈ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ ಕೇಳಿದ; ಆ ಉಚ್ಚಾರಣೆ ಸುರೇಂದ್ರನಿಗೆ ಹಿಡಿಯದೆ ಜಯದೇವಪ್ಪನವರು ಕನ್ನಡದಲ್ಲಿ ಹೇಳಿದರು. ಅರವತ್ತೆಂಟರ ಫೈನಲ್ಲನ್ನು ಅಜ್ಜ ತನ್ನ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನಂತೆ. ಗೆಲುವಿನ ಗೋಲು ಹೊಡೆದವನ ಹೆಸರು ಈಗ ಮರೆತಿದೆ. ಯಾರವನು?

ಸುರೇಂದ್ರ ಬಾಯಿ ತೆರೆದ. ಪುಸ್ತಕದ ಆ ಪುಟ ಕಣ್ಣೆದುರು ಬಂತು, ಆದರೆ ಬೆಳ್ಳಗೆ, ಖಾಲಿಯಾಗಿ. ಹನ್ನೆರಡು ವರ್ಷ ಕಾದದ್ದು ಇದಕ್ಕೇನಾ ಎಂದು ಅವನಿಗೆ ಅಳು ಬರುವಂತಾಯಿತು.

ರೊಟ್ಟಿ ತಂದ ರೇವತಿ ತಟ್ಟೆಯನ್ನು ಮೇಜಿಗಿಟ್ಟು ಮೆಲ್ಲಗೆ ಅಂದಳು: "ರಾಯ್ ಪೆಲ್ಟನ್. ಹದಿನೇಳನೇ ನಂಬರು. ಎರಡು ಹಲ್ಲು ಹೋದ ಮೇಲೆ ಹೊಡೆದಿದ್ದು."

ಅಜ್ಜನ ಕಣ್ಣು ತುಂಬಿತು. ಇನ್ನೊಂದು ಕೇಳಿದ, ಮತ್ತೊಂದು ಕೇಳಿದ. ರೇವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎಲ್ಲಕ್ಕೂ ಉತ್ತರ ಕೊಟ್ಟಳು. ಸುರೇಂದ್ರನತ್ತ ಯಾರೂ ತಿರುಗಿ ನೋಡಲಿಲ್ಲ. ಹೊರಡುವಾಗ ಅಜ್ಜ ತನ್ನ ಬೇರ್ಸ್ ಟೋಪಿಯನ್ನು ತೆಗೆದು ಅವಳ ತಲೆಗಿಟ್ಟ.

ಮನೆಯ ದಾರಿಯಲ್ಲಿ ಸುರೇಂದ್ರ ಕೇಳಿದ: "ಇಷ್ಟು ವರ್ಷ ಬರೀ ಹೂಂ ಅಂದ್ಯಲ್ಲೇ?"

"ನಡುವೆ ಮಾತಾಡಿದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ. ನಂಗೆ ಕೇಳಕ್ಕೆ ಇಷ್ಟ ಆಗ್ತಿತ್ತು."

ಅವನಿಗೆ ಬೇಕಾಗಿದ್ದ ಜೀವ ಮೊದಲಿನಿಂದಲೂ ಒಲೆಯ ಮುಂದೆಯೇ ಕೂತಿತ್ತು. ಸಂತೋಷ ತಡೆಯಲಾರದೆ ಎಪ್ಪತ್ತೊಂದರ ಸೆಮಿಫೈನಲ್ ಶುರು ಮಾಡಿದ: ಮೊದಲ ಗೋಲು ಒಂಬತ್ತನೇ ನಿಮಿಷಕ್ಕೆ.

"ಹನ್ನೊಂದನೇ ನಿಮಿಷ" ಎಂದಳು ರೇವತಿ. "ತಾಳಿ, ನಾನೇ ಹೇಳ್ತೀನಿ."

ಮನೆ ಮುಟ್ಟುವವರೆಗೂ ಅವಳೇ ಹೇಳಿದಳು. ಸುರೇಂದ್ರನಿಗೆ ನಡುವೆ ಒಂದು ಮಾತಾಡಲೂ ಬಿಡುವು ಸಿಗಲಿಲ್ಲ.