ಟೂಲ್‌ಬಾರಿನ ಬಂಗಡೆ

ಕೆಲಸ ಮಾಡುವುದಕ್ಕಿಂತ ಕೆಲಸಕ್ಕೆ ಅಣಿಯಾಗುವುದರಲ್ಲೇ ನನಗೆ ಸುಖ ಹೆಚ್ಚು. ಇದನ್ನು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಪತ್ತೆ ಹಚ್ಚಿದ್ದಳು. ನಾನು ಒಪ್ಪಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. ಕಾಲೇಜಿನಲ್ಲಿದ್ದಾಗ ಓದಿನ ವೇಳಾಪಟ್ಟಿಯನ್ನು ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಗೆರೆ ಸೊಟ್ಟಗಾಯಿತೆಂದು ಕಿತ್ತು ಮತ್ತೆ ಬರೆಯುತ್ತಿದ್ದೆ. ಪರೀಕ್ಷೆಯ ಹೊತ್ತಿಗೆ ನನಗೆ ಬಾಯಿಪಾಠವಾಗಿದ್ದದ್ದು ಆ ವೇಳಾಪಟ್ಟಿ ಮಾತ್ರ. ಇಂಥವನ ಕೈಗೆ, ಬೇಕಾದಂತೆ ತಿದ್ದಿಕೊಳ್ಳಬಹುದಾದ ಒಂದು ಟೆಕ್ಸ್ಟ್ ಎಡಿಟರ್ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಆಫೀಸಿಗೆ ಇರುವುದು ಒಂದೇ ಕಂಪ್ಯೂಟರ್, ಅದೂ ಮುದಿಯಾದದ್ದು. ಅದಕ್ಕೆ ಭಾರವಾಗದಿರಲಿ ಎಂದು ಈ ಹಗುರಾದ ಎಡಿಟರನ್ನು ಹಾಕಿಕೊಂಡೆ. ನಾಲ್ಕು ಸಾಲು ಆಜ್ಞೆ ಬರೆದರೆ ಅದರ ಟೂಲ್‌ಬಾರಿನಲ್ಲಿ ನಮ್ಮದೇ ಒಂದು ಬಟನ್ ಬಂದು ಕೂರುತ್ತದೆ. ಅದರ ಚಿತ್ರವನ್ನೂ ನಾವೇ ಬಿಡಿಸಬಹುದು. ಇಷ್ಟು ಗೊತ್ತಾದದ್ದೇ ತಡ, ಊಟದ ಬಿಡುವೆಲ್ಲ ಬಟನ್ನಿಗೆ ಮೀಸಲಾಯಿತು. ಬೆರಳುಗುರಿನಷ್ಟು ಚೌಕದಲ್ಲಿ ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಸಿಗಡಿ ಬಿಡಿಸಿದೆ, ಬಂಗಡೆ ಬಿಡಿಸಿದೆ, ತಾರ್ಲೆ (ಅದೇ ಬೂತಾಯಿ ಮೀನು) ಬಿಡಿಸಿದೆ, ಏಡಿ ಬಿಡಿಸಿದೆ. ಸಿಗಡಿ ಒತ್ತಿದರೆ ಪ್ರಮಾಣಪತ್ರದ ನಮೂನೆ ತೆರೆಯುತ್ತದೆ, ಬಂಗಡೆ ಒತ್ತಿದರೆ ಪ್ರಿಂಟ್ ಆಗುತ್ತದೆ, ತಾರ್ಲೆ ಒತ್ತಿದರೆ ಸಾಲುಗಳೆಲ್ಲ ಅಕಾರಾದಿಯಾಗಿ ಜೋಡಣೆಯಾಗುತ್ತವೆ, ಏಡಿ ಒತ್ತಿದರೆ ಮಾಡಿದ ತಪ್ಪು ಹಿಂದಕ್ಕೆ ಹೋಗುತ್ತದೆ. ಮೀನುಗಳಿಗೆ ಜಾಗ ಸಾಲದೆಂದು ಮೇಲಿದ್ದ ಮೆನು ಪಟ್ಟಿಯನ್ನೇ ತೆಗೆದುಹಾಕಿದೆ.

ನನ್ನ ಸಹೋದ್ಯೋಗಿ ಲೀಲಾಬಾಯಿ ಇದನ್ನು ಎರಡು ದಿನ ನೋಡಿ, ಮೂರನೆಯ ದಿನ ಕೇಳಿದರು: "ಇದೆಲ್ಲ ಎಂತಕೆ ಸರ್? ಹೆಸ್ರೇ ಬರ್ದ್ರೆ ಆಗೂದಿಲ್ವಾ?"

"ಚಿತ್ರ ಇದ್ರೆ ಓದೋ ಕೆಲಸವೇ ಇಲ್ಲ ಬಾಯರೇ. ಯಾರು ಬೇಕಾದ್ರೂ ಒತ್ಬಹುದು" ಎಂದೆ, ಭಾಷಣದ ಧಾಟಿಯಲ್ಲಿ. ಅವರು ಕಣ್ಣು ಕಿರಿದು ಮಾಡಿ ಪರದೆಯನ್ನೊಮ್ಮೆ ನೋಡಿ, ಹಾಜರಿ ಪುಸ್ತಕದತ್ತ ತಿರುಗಿದರು. ಲೀಲಾಬಾಯಿ ಮೀನುಗಾರಿಕೆ ಬಂದರಿನ ಬೈತಖೋಲದವರು. ಅಣ್ಣಂದಿರು ಟ್ರಾಲರಿನಲ್ಲಿ ಹೋಗುತ್ತಾರೆ, ತಾಯಿ ಈಗಲೂ ಮೀನು ಪೇಟೆಯಲ್ಲಿ ಕೂರುತ್ತಾರೆ. ಅಂಥವರು ಮೀನಿನ ಚಿತ್ರಕ್ಕೆ ಕಣ್ಣು ಕಿರಿದು ಮಾಡಿದರೆ ಏನರ್ಥ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಆಮೇಲೊಂದು ದಿನ ಅಂಕೋಲೆಯ ಶೆಟಗೇರಿಯಲ್ಲಿರುವ ಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂದು ರಜೆ ಹಾಕಿ ಹೋಗಿದ್ದೆ. ಭಟ್ಟರು ಕಥೆ ಶುರು ಮಾಡಿದ್ದರಷ್ಟೆ, ಫೋನು ಬಡಿಯಿತು. ಆ ಮನೆಯಲ್ಲಿ ಹಿತ್ತಲ ಬಾವಿಕಟ್ಟೆಯ ಹತ್ತಿರ ನಿಂತರೆ ಮಾತ್ರ ಮಾತು ಸರಿಯಾಗಿ ಕೇಳುತ್ತದೆ. ಅಲ್ಲಿಗೆ ಓಡಿದೆ.

"ಸರ್, ಹಣಕೋಣದಿಂದ ಒಂದು ಹುಡ್ಗಿ, ಅದರ ಆಯಿ ಬಂದಿದ್ದಾರೆ" ಎಂದರು ಲೀಲಾಬಾಯಿ. "ನರ್ಸಿಂಗ್ ಸೀಟಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಂತೆ. ಇವತ್ತೇ ಕಡೇ ದಿನ, ಐದು ಗಂಟೆ ಒಳಗೆ ಮುಟ್ಟಿಸ್ಬೇಕು. ಸಿಗಡಿ ಮೀಸೆ ನೋಡಿ ಗುರ್ತು ಹಿಡ್ದೆ, ನಮೂನೆ ಬಂತು, ಹೆಸ್ರೆಲ್ಲ ಹೊಡ್ದೆ. ಪ್ರಿಂಟ್ ಮಾಡೂಕೆ ಎಂತ ಒತ್ಬೇಕು?"

"ಬಂಗಡೆ ಒತ್ತಿ. ಪಕ್ಕದ ತಾರ್ಲೆ ಮಾತ್ರ ಮುಟ್ಬೇಡಿ!"

ಮೌಸಿನ ಟಕ್ ಸದ್ದು ಕೇಳಿತು. ಆಮೇಲೆ ಅವರ ದನಿ ಇಳಿದಿತ್ತು. "ಸರ್, ಎಂತದೋ ಆಗ್ಹೋಯ್ತು. 'ಇವಳ ನಡತೆ ಉತ್ತಮವಾಗಿದೆ' ಅಂಬುದು ಎಲ್ಲಕ್ಕಿಂತ ಮೇಲೆ ಬಂದು ಕೂತಿದೆ. ಅದರ ಕೆಳಗೆ ಕುಮಾರಿ, ಅದರ ಕೆಳಗೆ ದಿನಾಂಕ. ಮುಖ್ಯಾಧ್ಯಾಪಕರೂ ಮುಗಿದ ಮೇಲೆ, ಕಟ್ಟಕಡೆಗೆ 'ವ್ಯಾಸಂಗ ಪ್ರಮಾಣಪತ್ರ' ಅದೆ."

"ಅಯ್ಯೋ, ತಾರ್ಲೆ ಒತ್ತಿದ್ರಿ ನೀವು!"

"ತಾರ್ಲೆಗೆ ಬೆನ್ನ ಮೇಲೆ ಪಟ್ಟೆ ಇರ್ತದಾ ಸರ್? ಪಟ್ಟೆ ಇದ್ದದ್ದೇ ಬಂಗಡೆ ಅಂತ ಒತ್ದೆ."

"ಅದು ಪಟ್ಟೆ ಅಲ್ಲ ಬಾಯರೇ, ಮೈಮೇಲಿನ ಹುರುಪೆ!" ಎಂದು ನಾನು ಕೂಗುವುದಕ್ಕೂ ಹಿಂದೆ ಹೆಂಡತಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಎಂತ ನಿಮ್ದು? ಒಳಗೆ ಭಟ್ರು ಕಥೆ ಓದ್ತಿದ್ದಾರೆ, ನೀವಿಲ್ಲಿ ಬಂಗಡೆ ತಾರ್ಲೆ ಅಂತ ಹರಾಜು ಕೂಗ್ತಿದ್ರಿ. ಅಪ್ಪ ಕಿವಿ ಮುಚ್ಕೊಂಡು ಕೂತಿದ್ದಾರೆ" ಎಂದಳು. ನಾನು ಅವಳಿಗೆ ಕೈಮುಗಿದು, ದನಿ ತಗ್ಗಿಸಿ ಫೋನಿಗೆ ಹೇಳಿದೆ: "ಏಡಿ ಒತ್ತಿ ಬಾಯರೇ, ಎಲ್ಲ ಮೊದಲಿನಂತೆ ಆಗ್ತದೆ."

"ಏಡಿ ಇಲ್ಲಿಲ್ಲ ಸರ್. ಒಂದು ಜೇಡ ಅದೆ."

"ಅದೇ ಏಡಿ!"

"ಇಡ್ತೆ ಸರ್" ಎಂದು ಅವರು ಫೋನು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ನಗೆಚಾಟಿಕೆಯೆಲ್ಲ ಸರಿ, ಒಂದು ಹುಡುಗಿಯ ಸೀಟು ನನ್ನ ಕೈಯಾರೆ ಹೋದರೆ? ಪ್ರಸಾದಕ್ಕೂ ಕಾಯದೆ ಭಾವನ ಬೈಕು ಕೇಳಿ ತೆಗೆದುಕೊಂಡು ಹೊರಟೆ. ಕಾರವಾರ ಮುಟ್ಟುವವರೆಗೂ ಆ ತಾಯಿಗೆ ಏನು ಹೇಳುವುದೆಂದು ವಾಕ್ಯ ಜೋಡಿಸುತ್ತಲೇ ಇದ್ದೆ. ಒಂದೂ ಸರಿಯಾಗಿ ಕೂರಲಿಲ್ಲ.

ಶಾಲೆಯ ಗೇಟಿನಲ್ಲೇ ತಾಯಿ ಮಗಳು ಎದುರಾದರು. ಹುಡುಗಿಯ ಕೈಯಲ್ಲಿ ಲಕೋಟೆ. "ಪ್ರಮಾಣಪತ್ರ ಸಿಕ್ತಾ?" ಎಂದು ಏದುಸಿರಿನಲ್ಲಿ ಕೇಳಿದೆ. ನಾನು ಯಾರೆಂದು ತಿಳಿಯದ ಆ ತಾಯಿ ಖುಷಿಯಿಂದಲೇ ತೆಗೆಸಿ ತೋರಿಸಿದರು. ಶಾಲೆಯ ಹೆಸರಿದ್ದ ಹಾಳೆಯ ಮೇಲೆ ಲೀಲಾಬಾಯಿಯ ದುಂಡಗಿನ ಅಕ್ಷರ, ಕೆಳಗೆ ಮುಖ್ಯಾಧ್ಯಾಪಕರ ಸಹಿ, ಅಚ್ಚುಕಟ್ಟಾದ ಮೊಹರು.

"ಬಾಯರು ಕೈಯಲ್ಲೇ ಬರ್ದ್ ಕೊಟ್ರು, ಹತ್ತು ನಿಮಿಷ ಹಿಡಿಲಿಲ್ಲ. ಸಹಿಗೆ ಮಾತ್ರ ಒಂದು ತಾಸು ಕಾದ್ವಿ" ಎಂದರು ಆಕೆ. "ಕಂಪ್ಯೂಟರ್ ಮಾಡೋರು ರಜೆ ಮೇಲಿದ್ರಂತೆ. ಒಳ್ಳೇದೇ ಆಯ್ತು ಬಿಡಿ."

ಹೌದು, ಒಳ್ಳೆಯದೇ ಆಯಿತು ಎಂದು ನಾನೂ ತಲೆಯಾಡಿಸಿದೆ. ಅವರು ಬಸ್ಸಿಗೆ ಓಡಿದರು. ಹುಡುಗಿಗೆ ಸೀಟು ಸಿಕ್ಕಿತು; ಮುಂದಿನ ವಾರ ಬಂದು ಲೀಲಾಬಾಯಿಗೆ ಪೇಢೆ ಕೊಟ್ಟು ಹೋದಳು. ಅದರಲ್ಲಿ ಅರ್ಧ ಮುರಿದು ನನಗೂ ಕೊಟ್ಟರು ಲೀಲಾಬಾಯಿ.

ಪೂಜೆಯ ಮರುದಿನವೇ ನಾನು ಮೀನುಗಳನ್ನೆಲ್ಲ ತೆಗೆದು 'ನಮೂನೆ', 'ಪ್ರಿಂಟ್', 'ಜೋಡಿಸು', 'ಹಿಂದಕ್ಕೆ' ಎಂದು ಶುದ್ಧ ಅಕ್ಷರದಲ್ಲಿ ಬರೆದಿದ್ದೆ. ಮೆನು ಪಟ್ಟಿಯೂ ಮರಳಿತ್ತು. ಮುಖ್ಯಾಧ್ಯಾಪಕರು ನೋಡಿ, "ಈಗ ಸರಿಯಾಯ್ತು. ಇನ್ನು ನೀವು ಇಲ್ಲದಿದ್ರೂ ಏನೂ ತೊಂದರೆ ಇಲ್ಲ" ಎಂದು ಬೆನ್ನು ತಟ್ಟಿದರು. ಹೊಗಳಿಕೆಯೇ ಅದು, ಆದರೂ ಎಲ್ಲೋ ಚುಚ್ಚಿತು. ಚಿತ್ರ ಬಿಡಿಸಿದ್ದು ಯಾರು ಬೇಕಾದರೂ ಒತ್ತಲಿ ಎಂದೋ, ಅಥವಾ ನನ್ನನ್ನು ಕೇಳದೆ ಯಾರೂ ಒತ್ತದಿರಲಿ ಎಂದೋ ಎಂಬ ಅನುಮಾನ ಆಗಲೇ ಮೊದಲ ಬಾರಿ ಬಂದದ್ದು.

ಹೋದ ತಿಂಗಳು ಮೂರು ದಿನ ರಜೆ ಹಾಕಿದೆ. ಮೊದಲ ದಿನ ಆಫೀಸಿನಿಂದ ಒಂದು ಕರೆಯೂ ಬರಲಿಲ್ಲ. ಎರಡನೆಯ ದಿನ ಫೋನು ಸರಿ ಇದೆಯೇ ಎಂದು ಹೆಂಡತಿಯಿಂದ ಕರೆ ಮಾಡಿಸಿ ನೋಡಿದೆ, ಸರಿಯಾಗಿಯೇ ಇತ್ತು. ಸಂಜೆ ತಡೆಯಲಾರದೆ ನಾನೇ ಮಾಡಿ, "ಎಲ್ಲ ಸರಿ ನಡೀತಿದೆಯಾ ಬಾಯರೇ? ಏನಾದ್ರೂ ಅಡಚಣೆ?" ಎಂದು ಕೇಳಿದೆ.

"ಎಂತದೂ ಇಲ್ಲ ಸರ್. ನೀವು ಆರಾಮ ಉಳೀರಿ" ಎಂದರು ಲೀಲಾಬಾಯಿ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಫೀಸಿಗೆ ಹೋಗಿ ಕೂತೆ.