ಹುಳುಮನೆಯ ಕಿಟಕಿ

ತಪ್ಪು ನನ್ನದೇ. ಆದರೆ ಅದರಲ್ಲಿ ಮುಳಬಾಗಿಲು ಕಡೆಯ ಚಳಿಗಾಲದ ಪಾಲೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು ಸೈಕಲ್ ಏರಿದರೆ ಹತ್ತು ಗಂಟೆಗೆ ಅಂಗಿ ಬೆವರಿಗೆ ಅಂಟುತ್ತದೆ. ಮದರಾಸಿನ ಕಡೆ ವಾಯುಭಾರ ಕುಸಿದಿದೆ ಎಂದು ರೇಡಿಯೋ ಹೇಳುವಷ್ಟರಲ್ಲಿ ನಮ್ಮ ಅಂಗಳದಲ್ಲಿ ಜಡಿಮಳೆ ಶುರುವಾಗಿರುತ್ತದೆ. ಮನುಷ್ಯರಾದರೆ ಗೊಣಗಿಕೊಂಡು ಹೇಗೋ ಬದುಕುತ್ತಾರೆ. ರೇಷ್ಮೆಹುಳು ಗೊಣಗುವುದಿಲ್ಲ, ಮೇವು ಬಿಟ್ಟು ಸತ್ತೇಹೋಗುತ್ತದೆ.

ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರ್. ನನ್ನ ಹೆಂಡತಿ ಜಯಮ್ಮ ಮೊದಲ ಸಲ ನನ್ನ ಅಮ್ಮನ ಸಹಾಯವಿಲ್ಲದೆ ಹುಳು ಸಾಕಿದ್ದಳು. ಬೆಳೆ ಕೈಗೆ ಬಂದರೆ ಸೊಸೆಯ ಕೈಗುಣ ಒಳ್ಳೆಯದು ಅನ್ನುತ್ತಾರೆ. ಹೋದರೆ ಏನನ್ನುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ ಬೇಕೆಂದೇ ಹುಳುಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹೊಗೆ, ಘಾಟು ಹುಳುವಿಗೆ ಆಗದು ಎಂದು ಒಗ್ಗರಣೆಯೂ ಬಂದ್. ಸಪ್ಪೆ ಸಾರು ಉಂಡು ಉಂಡು ಮೇಷ್ಟ್ರಾದ ನನಗೆ ಅರ್ಧ ವೈರಾಗ್ಯ ಬಂದಿತ್ತು. ಗೂಡು ಕಟ್ಟಲು ಇನ್ನು ನಾಲ್ಕೇ ದಿನವಿತ್ತು.

ಅಂದು ಬೆಳಿಗ್ಗೆ ಮೈ ಕೊರೆಯುವ ಚಳಿ. ಜಯಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದಳು. ಪಾಪ, ಹುಳುಗಳಿಗೆ ಚಳಿಯಾದೀತೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಅಗ್ಗಿಷ್ಟಿಕೆಗೆ ಇನ್ನೆರಡು ಬೊಗಸೆ ಇದ್ದಿಲು ಸುರಿದು ಶಾಲೆಗೆ ಹೊರಟೆ. ಹತ್ತಕ್ಕೆ ಬಿಸಿಲು ಚುರುಗುಟ್ಟಿದಾಗ ಬೋರ್ಡಿನ ಮುಂದೆ ನಿಂತಿದ್ದ ನನಗೆ ಮುಚ್ಚಿದ ಕಿಟಕಿಗಳು ನೆನಪಾದವು. ಊಟದ ಬೆಲ್ ಹೊಡೆದದ್ದೇ ಓಡಿಬಂದರೆ ಕಿಟಕಿಗಳು ತೆರೆದಿದ್ದವು, ಜಯಮ್ಮ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮುಟ್ಟದೆ ಬಿದ್ದಿದ್ದವು. "ಯಾರು ಮುಚ್ಚಿದ್ರೋ ಗೊತ್ತಿಲ್ಲ ಕಣ್ರೀ" ಎಂದಳು ಮೆಲ್ಲಗೆ. ನಡುಮನೆಯಲ್ಲಿ ಅಮ್ಮ ರಾಗಿ ಕೇರುತ್ತಿದ್ದಳು. ಅವಳೇ ಮುಚ್ಚಿರಬೇಕು ಎನ್ನುವ ಹಾಗೆ ನಾನು ಅಮ್ಮನ ಕಡೆ ನೋಡಿದೆ. ಆ ನೋಟ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಜಡಿ ಹಿಡಿಯಿತು. ಒದ್ದೆ ಸೊಪ್ಪು ತಿಂದರೆ ಹುಳು ಉಳಿಯದು. ಅಮ್ಮ ತಾನಾಗಿ ಬಂದು ಕೂತಳು. ಮೂವರೂ ಹಳೇ ಸೀರೆಯಲ್ಲಿ ಒಂದೊಂದೇ ಎಲೆ ಒರೆಸಿದೆವು. ಕೊನೆಗೆ ಅಮ್ಮ ತಟ್ಟೆಗೆ ಕಿವಿಯಿಟ್ಟು, "ಮೇಯ್ತಾವೆ ಕಣೇ" ಎಂದಾಗ ಜಯಮ್ಮ ಅತ್ತೇಬಿಟ್ಟಳು.

ಐದನೇ ದಿನಕ್ಕೆ, ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಂಕಿ ತಟ್ಟಿಗಳ ತುಂಬ ಹಳದಿ ಗೂಡು. ನನಗೂ ಧೈರ್ಯ ಬಂತು. "ಅವತ್ತು ಕಿಟಕಿ ಮುಚ್ಚಿದ್ದು ನಾನು ಕಣೇ" ಎಂದೆ.

"ಗೊತ್ತು. ಅತ್ತೆ ಅವತ್ತೇ ಹೇಳಿದ್ರು. ಹುಳು ಇರೋ ಮನೇಲಿ ಕೂಗಾಡಬಾರದು, ಗೂಡು ಕಟ್ಟೋವರ್ಗೂ ತಡ್ಕೋ ಅಂದ್ರು."

ಸದ್ಯ ಮುಗಿಯಿತಲ್ಲ ಎಂದು ನಾನು ನಕ್ಕೆ. ಅಮ್ಮ ಎದ್ದು ಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದಳು. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ಕೂತ್ಕೊಳ್ಳಿ" ಎಂದಳು.